ಮನೆಯಲ್ಲಿ ಹೊಲಿದ ಫ್ಲೀಸ್ ಹೂಡಿಯ ಹೊಲಿಗೆ ತೊಡುವಾಗಲೇ ಕಿತ್ತುಬರುವುದೇಕೆ?

ನೇರ ಹೊಲಿಗೆ ಹಾಕಿರುವುದೇ ಇದಕ್ಕೆ ಕಾರಣ. ಅದರ ಬದಲು 1 ಮಿ.ಮೀ. ಅಗಲ, 3 ಮಿ.ಮೀ. ಉದ್ದದ ಜಿಗ್‌ಜ್ಯಾಗ್ ಹೊಲಿಗೆಯನ್ನು ಪಾಲಿಯೆಸ್ಟರ್ ದಾರದಲ್ಲಿ ಹಾಕಿದರೆ, ಹೂಡಿಯನ್ನು ತಲೆಯ ಮೇಲಿಂದ ಎಳೆದು ತೊಟ್ಟರೂ ದಾರ ಕಡಿಯುವುದಿಲ್ಲ.

ಫ್ಲೀಸ್ ನೇಯ್ದ ಬಟ್ಟೆಯಲ್ಲ, ಹೆಣೆದ ಬಟ್ಟೆ. ಅದರ ಎಳೆಗಳು ಕುಣಿಕೆ ಕುಣಿಕೆಯಾಗಿರುವುದರಿಂದ ಎಳೆದಾಗ ಬಟ್ಟೆ ಹಿಗ್ಗುತ್ತದೆ, ಆದರೆ ನೇರ ಹೊಲಿಗೆಯ ದಾರಕ್ಕೆ ಹಿಗ್ಗಲು ಹೆಚ್ಚಿನ ಉದ್ದವೇ ಇರುವುದಿಲ್ಲ. ಜಿಗ್‌ಜ್ಯಾಗ್‌ನ ಅಂಕುಡೊಂಕಿನಲ್ಲಿ ಆ ಉದ್ದ ಅಡಗಿರುತ್ತದೆ.

ಸೂಜಿಯನ್ನೂ ಗಮನಿಸಿ. ಜೀನ್ಸ್ ಹೊಲಿಗೆಗೆ ಹೆಸರಾದ ನಮ್ಮ ಬಳ್ಳಾರಿಯಲ್ಲಿ ಸುಲಭವಾಗಿ ಕೈಗೆ ಸಿಗುವ 16ನೇ ನಂಬರಿನ ದಪ್ಪ, ಚೂಪಾದ ಸೂಜಿ ಈ ಕುಣಿಕೆಗಳನ್ನು ಚುಚ್ಚಿ ಹರಿಯಬಲ್ಲದು, ಆದರೆ ತುದಿ ಗುಂಡಗಿರುವ 11ನೇ ನಂಬರಿನ ಬಾಲ್‌ಪಾಯಿಂಟ್ ಸೂಜಿ ಅವುಗಳನ್ನು ಪಕ್ಕಕ್ಕೆ ಸರಿಸಿಕೊಂಡು ಇಳಿಯುತ್ತದೆ.

ಡಿಸೆಂಬರ್ ನಸುಕಿನಲ್ಲಿ ಅಂಜನಾದ್ರಿಯ ಮೆಟ್ಟಿಲು ಹತ್ತಲು, ನನ್ನ ಮಟ್ಟಿಗೆ, ಚದರ ಮೀಟರಿಗೆ 150 ಗ್ರಾಂ ತೂಗುವ ಫ್ಲೀಸ್ ಧಾರಾಳವಾಗಿ ಸಾಕು. ಅಂಚಿನ ಎಳೆ ಬಿಡುವುದಿಲ್ಲವಾದ್ದರಿಂದ ಓವರ್‌ಲಾಕ್ ಬೇಕಿಲ್ಲ. ಬಿಸಿ ಇಸ್ತ್ರಿ ತಾಗಿದರೆ ಅದರ ನವಿರಾದ ಜುಂಗು ಕರಗಿ ಗಟ್ಟಿಯಾಗುತ್ತದೆ. ಹೊಲಿಗೆಯ ಸಾಲನ್ನು ಬೆರಳಿನಿಂದಲೇ ತೀಡಿ ಕೂರಿಸಿ.