ಅಡುಗೆ ಬಿಡಿ, ಮೊದಲು ಲೆಕ್ಕ ಕಲಿಸಿ

ಶ್ರೀಲಂಕಾದ 'ಎಲ್ಲ' ಹತ್ತಿರದ ಹಳ್ಳಿಯಲ್ಲಿ ಹೋಂಸ್ಟೇ ಶುರು ಮಾಡುವ ಹೆಂಗಸರಿಗೆ ಮೂರು ದಿನದ ತರಬೇತಿ, ಏನು ಕಲಿಸಲಿ ಅಂತ ಕೇಳಿದ್ದೀರಿ. (ಬೇರೆಯವರಿಗೆ: 'ಎಲ್ಲ' ಊರಿನ ಹೆಸರು. ಸಿಂಹಳದಲ್ಲಿ ಜಲಪಾತ ಅಂತ ಅರ್ಥ!)

ಅಡುಗೆ ಕಲಿಸೋಕೆ ಮಾತ್ರ ಹೋಗಬೇಡಿ. ಪೊಲ್ ಸಂಬೋಲ (ತೆಂಗಿನಕಾಯಿ ಚಟ್ನಿ), ಕಿರಿಬತ್ (ತೆಂಗಿನ ಹಾಲಿನ ಅನ್ನ) ಅವರಿಗೆ ನಮಗಿಂತ ಚೆನ್ನಾಗಿ ಬರುತ್ತದೆ. ಎರಡು ದಿನ ಪೂರ್ತಿ ಲೆಕ್ಕಕ್ಕೇ ಇಡಿ. ಒಬ್ಬ ಅತಿಥಿಗೆ ಒಂದು ರಾತ್ರಿ ಗ್ಯಾಸ್ ಎಷ್ಟು, ಬೆಡ್‌ಶೀಟ್ ಒಗೆಯೋದಕ್ಕೆ ಎಷ್ಟು, ಬುಕಿಂಗ್ ಆ್ಯಪ್‌ನ ಕಮಿಷನ್ ಎಷ್ಟು, ತಮ್ಮ ದುಡಿಮೆಗೆ ಎಷ್ಟು? ಈ ಕೊನೆಯದನ್ನು ಬರೆಯೋಕೆ ಮರೆಯೋದೇ ಜಾಸ್ತಿ. ಆಮೇಲೆ ಪಕ್ಕದ ಮನೆಯವರಿಗಿಂತ ನೂರು ಕಡಿಮೆ ಅಂತ ಸುಮ್ನೆ ಬಾಡಿಗೆ ಇಳಿಸುತ್ತಾರೆ.

ಇನ್ನೊಂದು ವಿಷಯ. 2018ರಲ್ಲಿ ಶ್ರೀಲಂಕಾಕ್ಕೆ 23 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದಿದ್ದರು. 2019ರ ಈಸ್ಟರ್ ದಿನದ ಬಾಂಬ್ ದಾಳಿ, ಅದರ ಬೆನ್ನಿಗೇ ಕೋವಿಡ್. 2021ರಲ್ಲಿ 2 ಲಕ್ಷವೂ ದಾಟಲಿಲ್ಲ. ಅದಕ್ಕೇ ಸಾಲ ಮಾಡಿ ಇನ್ನೊಂದು ರೂಮು ಕಟ್ಟುವ ಮುಂಚೆ ಖಾಲಿ ತಿಂಗಳುಗಳ ಲೆಕ್ಕವನ್ನೂ ಹಾಕಿಸಿ. ಹೋಂಸ್ಟೇ ಒಂದನ್ನೇ ನಂಬಿ ತೋಟ, ತರಕಾರಿ ಬಿಡೋದು ಬೇಡ ಅಂತಲೂ ಹೇಳಿ.

ಮೂರನೇ ದಿನಕ್ಕೆ ಫೋನಲ್ಲಿ ಫೋಟೋ ತೆಗೆಯೋದು, ಮೆಸೇಜಿಗೆ ಉತ್ತರ ಕೊಡೋದು, ಕಸ ಕಡಿಮೆ ಮಾಡೋದು. ಪ್ಲಾಸ್ಟಿಕ್ ಬಾಟಲಿ ಬದಲು ಕುದಿಸಿ ಆರಿಸಿದ ನೀರಿನ ಹೂಜಿ ಸಾಕು ಅಲ್ವಾ?

ಸರ್ಟಿಫಿಕೇಟ್ ಬೇಕು ಅನ್ನುವವರಿಗೆ ಸರ್ಕಾರಿ ಹೋಟೆಲ್ ಶಾಲೆ ಹತ್ತಿರದ ಬಂಡಾರವೇಲದಲ್ಲೇ ಇದೆ. ಅಂದಹಾಗೆ, ಅಲ್ಲಿನ ಟೀ ಎಸ್ಟೇಟುಗಳಲ್ಲಿ ತಮಿಳರು ಜಾಸ್ತಿ. ನಿಮ್ಮ ಗುಂಪಿನ ಭಾಷೆ ಸಿಂಹಳವೋ ತಮಿಳೋ ಅಂತ ಹೋಗುವ ಮುಂಚೆಯೇ ಕೇಳಿಕೊಳ್ಳಿ.