ಹೆಂಚಿನ ಇಸವಿ ಶಾಲೆಯದಲ್ಲ

ಸೋಮವಾರಪೇಟೆ ತಾಲೂಕಿನ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮೂರಿನ ಇಟ್ಟಿಗೆ ಶಾಲೆಯ ಹೆಂಚಿನ ಮೇಲೆ 1865 ಎಂದಿದೆ. ಅದೇ ಇಸವಿಯ ಫಲಕ ಹಾಕಿಸಿ ಸಮಾರಂಭ ಮಾಡಬೇಕೆಂದಿದ್ದೇವೆ. ಅದಕ್ಕೆ ಮೊದಲು, ಉದುರುತ್ತಿರುವ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಬಹುದೇ?’

ಸಂಪಾದಕರ ಉತ್ತರ:

ಫಲಕದ ಕೆಲಸ ಸದ್ಯಕ್ಕೆ ನಿಲ್ಲಿಸಿ. 1865 ಎಂಬುದು ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರುಮಾಡಿದ ಇಸವಿ. ಮುಂದೆ ಎಷ್ಟೋ ವರ್ಷ ಹೆಂಚುಗಳ ಮೇಲೆ ಅದನ್ನೇ ಒತ್ತುತ್ತಿದ್ದರು. ಮಂಗಳೂರಿನದೇ ಇನ್ನೊಂದು ಕಾರ್ಖಾನೆಯಾದ ಆಲ್ಬುಕರ್ಕ್‌ನ ಹೆಂಚಿನ ಮೇಲಿರುವ 1868 ಕೂಡ ಅದೇ ಜಾತಿಯದು. ಮೊದಲನೇ ಮಹಾಯುದ್ಧದ ನಂತರ ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದ್ದರಿಂದ, ಆ ಹೆಸರಿನ ಹೆಂಚು ಸಿಕ್ಕಿದರೆ ಅದು ಆಮೇಲಿನದು ಎಂದಷ್ಟೇ ಹೇಳಬಹುದು. ಅಲ್ಲದೆ ಕೊಡಗಿನ ಮಳೆಗೆ ಹೆಂಚು ಬದಲಾಗದೆ ಉಳಿದ ಹಳೆಯ ಮಾಡು ಯಾವುದಿದೆ? ಒಂದೇ ಮಾಡಿನಲ್ಲಿ ಎರಡು ಮೂರು ಕಾರ್ಖಾನೆಯ ಹೆಂಚು ಇರುವುದು ಮಾಮೂಲು.

ಗೋಡೆ ಇಟ್ಟಿಗೆಯದೆಂದ ಮಾತ್ರಕ್ಕೆ ಬ್ರಿಟಿಷರ ಕಾಲದ್ದು ಎನ್ನುವುದೂ ಅವಸರದ ಮಾತು. ಅವರು 1834ರಲ್ಲಿ ಕೊಡಗನ್ನು ವಶಪಡಿಸಿಕೊಳ್ಳುವ ಮೊದಲೇ ಮಡಿಕೇರಿ ಕೋಟೆಯ ಅರಮನೆಯನ್ನು ಲಿಂಗರಾಜೇಂದ್ರ ಇಟ್ಟಿಗೆ, ಗಾರೆಯಲ್ಲಿ ಕಟ್ಟಿಸಿದ್ದ.

ಇನ್ನು ದಾಖಲೆಗಳು. ಹಳೆಯ ದಾಖಲಾತಿ ರಿಜಿಸ್ಟರಿನ ಮೊದಲ ಪುಟ ಶಾಲೆ ಯಾವಾಗ ನಡೆಯುತ್ತಿತ್ತೆಂದು ಹೇಳುತ್ತದೆ, ಕಟ್ಟಡ ಯಾವಾಗ ಎದ್ದಿತೆಂದು ಹೇಳುವುದಿಲ್ಲ. ಚಾವಡಿಯಲ್ಲೋ ಬಾಡಿಗೆ ಮನೆಯಲ್ಲೋ ಪಾಠ ಶುರುವಾಗಿ, ಸ್ವಂತ ಕಟ್ಟಡ ಆಮೇಲೆ ಬಂದಿರಬಹುದು. ಕಟ್ಟಡಕ್ಕೆ ಬೇಕಾದದ್ದು ಜಾಗದ ಪತ್ರ, ಹಣ ಮಂಜೂರಾದ ಆದೇಶ ಮತ್ತು ಇನ್‌ಸ್ಪೆಕ್ಟರರ ಭೇಟಿ ಪುಸ್ತಕ. ‘ಮಾಡು ಸೋರುತ್ತದೆ’, ‘ಹೊಸ ಕೋಣೆ ಬೇಕು’ ಎಂಬ ಒಂದು ಸಾಲಿನ ಷರಾಗಳೇ ಇಲ್ಲಿ ದೊಡ್ಡ ಸಾಕ್ಷಿ. ಅನೇಕರು ಹಳೆಯ ಮೈಸೂರು ಸರ್ಕಾರದ ಕಡತ ಹುಡುಕಿ ಬರಿಗೈಯಲ್ಲಿ ಬರುತ್ತಾರೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅದಕ್ಕೂ ಹಿಂದೆ, 1881ರ ಬಳಿಕ ಬಹುಕಾಲ, ಬೆಂಗಳೂರಿನಲ್ಲಿದ್ದ ಮೈಸೂರು ರೆಸಿಡೆಂಟರೇ, ಅಂದರೆ ಮೈಸೂರು ಸಂಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿಯೇ, ಕೊಡಗಿನ ಆಡಳಿತ ನೋಡುವ ಚೀಫ್ ಕಮಿಷನರ್. ಹಾಗಾಗಿ ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲೂ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲೂ ‘ಕೂರ್ಗ್’ ಎಂಬ ತಲೆಬರಹದಡಿ ಕೇಳಿ. ಊರ ಹೆಸರನ್ನು ಹಳೆಯ ರೂಪದಲ್ಲೇ ಕೊಡಿ. ಕುಶಾಲನಗರವನ್ನು ಹುಡುಕುವವರಿಗೆ ಫ್ರೇಸರ್‌ಪೇಟೆ ಎಂದರೇ ಕಡತ ಸಿಕ್ಕೀತು.

ಸಿಮೆಂಟ್ ಪ್ಲಾಸ್ಟರ್ ಮಾತ್ರ ಬೇಡವೇ ಬೇಡ. ಮೊದಲು ಇಟ್ಟಿಗೆಯ ಸಂದನ್ನು ಮೊಳೆಯಿಂದ ಕೆರೆದು ನೋಡಿ. ಬೆಳ್ಳಗೆ ಪುಡಿಯಾಗಿ ಉದುರಿದರೆ ಸುಣ್ಣದ ಗಾರೆ. ಅಂಥ ಗೋಡೆ ಮಳೆಗಾಲದಲ್ಲಿ ಹೀರಿದ ನೀರನ್ನು ಬೇಸಿಗೆಯಲ್ಲಿ ಸಂದುಗಳ ಮೂಲಕ ಹೊರಬಿಡುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ನೀರು ಬಿರುಕಿನಲ್ಲಿ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಒಳಗೇ ಉಪ್ಪು ಕಟ್ಟಿ ಇಟ್ಟಿಗೆಯ ಮುಖ ಹಾಳೆ ಹಾಳೆಯಾಗಿ ಏಳುತ್ತದೆ. ಕೆಲವು ಮಳೆಗಾಲ ಕಳೆದ ಮೇಲೆ ಪ್ಲಾಸ್ಟರು ಆ ಮುಖವನ್ನೂ ಕಿತ್ತುಕೊಂಡೇ ಬೀಳುತ್ತದೆ.

ಡಿಸೆಂಬರ್‌ನಲ್ಲಿ ಕೆಲಸ ಹಿಡಿಯಿರಿ. ಸಡಿಲವಾದ ಸಂದನ್ನು ಒಂದಂಗುಲ ಆಳಕ್ಕೆ ಉಳಿಯಿಂದ ಕೆರೆಯಿರಿ. ಗ್ರೈಂಡರ್ ಹಾಕಿದರೆ ಇಟ್ಟಿಗೆಯ ಅಂಚು ಹೋಗುತ್ತದೆ. ಧೂಳು ತೆಗೆದು ನೀರು ಚಿಮುಕಿಸಿ. ತಿಂಗಳಾದರೂ ನೀರಿನಡಿ ನೆನೆದ ಅರಳಿದ ಸುಣ್ಣ ಒಂದು ಪಾಲು, ಜರಡಿ ಹಿಡಿದ ಮರಳು ಮೂರು ಪಾಲು ಕಲಸಿ ಒತ್ತಿ ತುಂಬಿ. ಮಳೆ ಬಡಿಯುವ ಪಡುವಣ ಗೋಡೆಗೆ ಮರಳಿನ ಒಂದು ಪಾಲಿನ ಬದಲು ನುಣ್ಣನೆಯ ಇಟ್ಟಿಗೆ ಪುಡಿ ಹಾಕಿದರೆ ತೇವದಲ್ಲೂ ಗಟ್ಟಿಯಾಗುತ್ತದೆ. ಒಂದು ವಾರ ಒದ್ದೆ ಗೋಣಿ ಇಳಿಬಿಡಿ. ಬಿಸಿಲಿಗೆ ಬೇಗ ಒಣಗಿದ ಗಾರೆ ಬೆರಳಿಗೇ ಉದುರುತ್ತದೆ. ಕೊನೆಗೆ ಸುಣ್ಣ ಬಳಿಯಿರಿ, ಪ್ಲಾಸ್ಟಿಕ್ ಪೇಂಟ್ ಬೇಡ.

ಇಷ್ಟಾದರೂ ಗೋಡೆಯ ಬುಡ ಮೊಣಕಾಲೆತ್ತರಕ್ಕೆ ಹಸಿಯಾಗಿಯೇ ಇದ್ದರೆ ಅಂಗಳ ನೋಡಿ. ಮಣ್ಣು ತುಂಬಿಸಿ ಇಂಟರ್‌ಲಾಕ್ ಹಾಸಿದ್ದರಿಂದ ಹೊರಗಿನ ನೆಲ ಒಳಗಿನ ನೆಲಕ್ಕಿಂತ ಮೇಲೆ ಬಂದಿರಬಹುದು. ಗೋಡೆಯ ಪಕ್ಕ ಎರಡಡಿ ಅಗಲಕ್ಕೆ ಅದನ್ನು ಕಿತ್ತು, ನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಕೊಡಬೇಕಾಗುತ್ತದೆ.