ಲೋಡ್ ಇಳಿಸಿ ಖಾಲಿ ಹೋಗುವಾಗ ಗುದ್ದಿದರೆ ಯಾರ ಇನ್ಶೂರೆನ್ಸ್?

ಟ್ರಕ್ ಸ್ವಂತದ್ದು, ಟೆಕ್ಸಾಸ್‌ನ ಕಂಪನಿಗೆ ಲೀಸ್ ಕೊಟ್ಟಿದ್ದೇನೆ, ಒಂದು ಲೋಡ್ ಇಳಿಸಿ ಇನ್ನೊಂದಕ್ಕೆ ಹೋಗುವಾಗ ಬಾಬ್‌ಟೇಲ್ ಪಾಲಿಸಿ (ಟ್ರೇಲರ್ ಇಲ್ಲದೆ ಬರೀ ಟ್ರಕ್ ಓಡಿಸುವಾಗಿನ ಇನ್ಶೂರೆನ್ಸ್) ಸಾಕಾ ಅಂತ ಕೇಳಿದ್ದೀರಿ. ಅದೊಂದನ್ನೇ ನಂಬಿಕೊಂಡು ಇರಬೇಡಿ. ನಾನೂ ಅಮೆರಿಕದಲ್ಲಿ ಹೀಗೇ ಲೀಸ್ ಮೇಲೆ ಓಡಿಸುವವನು, ಪೆಟ್ಟು ತಿಂದು ಕಲಿತಿದ್ದೇನೆ.

ಅವತ್ತು ಟ್ರೇಲರ್ ಬಿಟ್ಟು ಬರೀ ಟ್ರಕ್ಕಿನಲ್ಲಿ ಟೈರ್ ಅಂಗಡಿಗೆ ಹೊರಟಿದ್ದೆ. ಜೋರು ಮಳೆ. ಟ್ರೇಲರ್ ಇಲ್ಲದಿದ್ದರೆ ಹಿಂದಿನ ಚಕ್ರಗಳ ಮೇಲೆ ಭಾರ ಇರುವುದಿಲ್ಲ, ಬ್ರೇಕ್ ಒತ್ತಿದರೆ ಜಾರುತ್ತದೆ. ಸಿಗ್ನಲ್‌ನಲ್ಲಿ ನಿಂತಿದ್ದ ಕಾರಿಗೆ ಹಿಂದಿನಿಂದ ಗುದ್ದಿದೆ. ಕಂಪನಿಯ ಇನ್ಶೂರೆನ್ಸ್‌ನವರು "ಆಗ ನೀವು ಡಿಸ್ಪ್ಯಾಚ್‌ನಲ್ಲಿ ಇರಲಿಲ್ಲ" ಅಂದರು, ಅಂದರೆ ಕಂಪನಿ ಕಳಿಸಿದ ಕೆಲಸದ ಮೇಲೆ ಇರಲಿಲ್ಲ ಅಂತ. ನನ್ನ ಪಾಲಿಸಿಯವರು "ಟೈರ್ ಹಾಕಿಸೋದು ಕಂಪನಿ ಕೆಲಸಕ್ಕೇ ಅಲ್ವಾ?" ಅಂದರು. ಏಳು ತಿಂಗಳು ಇದೇ ಎಳೆದಾಟ. "ಟೈರ್ ಹಾಕಿಸಿಕೊಂಡು ಬೆಳಿಗ್ಗೆ ಆರಕ್ಕೆ ಮುಂದಿನ ಲೋಡ್ ಎತ್ತಿ" ಅಂತ ಡಿಸ್ಪ್ಯಾಚರ್ ಕಳಿಸಿದ್ದ ಮೆಸೇಜ್ ಫೋನಿನಲ್ಲಿ ಉಳಿದಿತ್ತು. ಅದನ್ನು ತೋರಿಸಿದ ಮೇಲೆ ಕಂಪನಿಯ ಕಡೆಯವರು ಒಪ್ಪಿಕೊಂಡರು. ಅಂಥ ಮೆಸೇಜ್ ಅಳಿಸಲೇಬೇಡಿ.

ನಾನು ಬಾಬ್‌ಟೇಲ್ ಅಂದುಕೊಂಡು ಕೊಂಡಿದ್ದು ನಿಜವಾಗಿ ನಾನ್-ಟ್ರಕಿಂಗ್ ಲಯಬಿಲಿಟಿ. ಏಜೆಂಟರು ಎರಡನ್ನೂ ಒಂದೇ ಹೆಸರಲ್ಲಿ ಕರೆಯುತ್ತಾರೆ. ನಾನ್-ಟ್ರಕಿಂಗ್ ಪಾಲಿಸಿ ಸ್ವಂತ ಓಡಾಟಕ್ಕೆ ಮಾತ್ರ, ಅಂದರೆ ದಿನಸಿ ತರೋದು, ರಜೆಯಲ್ಲಿ ಸ್ನೇಹಿತರ ಮನೆಗೆ ಹೋಗೋದು ಇಂಥದ್ದಕ್ಕೆ. ಬಾಬ್‌ಟೇಲ್ ಸಾಮಾನ್ಯವಾಗಿ ಟ್ರೇಲರ್ ಇಲ್ಲದೆ ಓಡಿಸುವಾಗ ಬರುತ್ತದೆ. ನೀವು ಖಾಲಿ ಟ್ರೇಲರ್ ಎಳೆದುಕೊಂಡು ಮುಂದಿನ ಲೋಡಿಗೆ ಹೋಗುತ್ತಿದ್ದರೆ ಅದು ಡೆಡ್‌ಹೆಡ್. ಆ ಕೆಲಸ ಕಂಪನಿಯದ್ದು, ಕಂಪನಿಯ ಪ್ರೈಮರಿ ಲಯಬಿಲಿಟಿಯೇ, ಅಂದರೆ ಎದುರಿನವರ ನಷ್ಟ ತುಂಬುವ ಮುಖ್ಯ ಇನ್ಶೂರೆನ್ಸೇ ಬರಬೇಕು. ರಾಜ್ಯದಿಂದ ರಾಜ್ಯಕ್ಕೆ ಮಾಮೂಲಿ ಸರಕು ಸಾಗಿಸುವ ದೊಡ್ಡ ಟ್ರಕ್ಕಿಗೆ ಅದು ಕನಿಷ್ಠ 7.5 ಲಕ್ಷ ಡಾಲರ್ ಇರಲೇಬೇಕು.

ಲೀಸ್ ತೆಗೆದು ಓದಿ. ಸಾರ್ವಜನಿಕರಿಗೆ ಆಗುವ ನಷ್ಟಕ್ಕೆ ಕಂಪನಿ ಇನ್ಶೂರೆನ್ಸ್ ಇಟ್ಟಿರಬೇಕು ಅಂತಲೂ, ಬಾಬ್‌ಟೇಲ್‌ನಂಥದ್ದನ್ನು ಯಾರು ಕೊಳ್ಳಬೇಕು ಅಂತಲೂ ಲೀಸ್‌ನಲ್ಲಿ ಸ್ಪಷ್ಟವಾಗಿ ಬರೆದಿರಲೇಬೇಕು. ಇದು ಫೆಡರಲ್ ನಿಯಮ 376.12. ಇನ್ನೊಂದು ಮಾತು, ಇವೆಲ್ಲ ಎದುರಿನವರ ನಷ್ಟಕ್ಕೆ ಮಾತ್ರ. ನಿಮ್ಮ ಟ್ರಕ್ ರಿಪೇರಿಗೆ ಫಿಸಿಕಲ್ ಡ್ಯಾಮೇಜ್ ಪಾಲಿಸಿ ಬೇರೆಯೇ ಬೇಕು. ಮುಂದೆ ನಿಮ್ಮದೇ ಅಥಾರಿಟಿ (ಸ್ವಂತ ಹೆಸರಲ್ಲಿ ಸರಕು ಸಾಗಿಸುವ ಸರ್ಕಾರಿ ಪರವಾನಗಿ) ತೆಗೆದುಕೊಂಡರೆ ಪ್ರೈಮರಿಯೂ ನಿಮ್ಮದೇ, ಆಗ ಬಾಬ್‌ಟೇಲ್ ಗೊಡವೆ ಸಾಮಾನ್ಯವಾಗಿ ಇರುವುದಿಲ್ಲ.

ಏಜೆಂಟರಿಗೆ ಇವತ್ತೇ ಈಮೇಲ್ ಹಾಕಿ. ಮನೆಗೆ ಹೋಗುವಾಗ, ಟೈರ್ ಅಂಗಡಿಗೆ ಹೋಗುವಾಗ, ಮುಂದಿನ ಲೋಡಿಗೆ ಹೋಗುವಾಗ ಯಾವ ಪಾಲಿಸಿ ಬರುತ್ತೆ ಅಂತ ಮೂರನ್ನೂ ಬೇರೆ ಬೇರೆ ಕೇಳಿ. ಫೋನಿನಲ್ಲಿ ಹೇಳಿದರೆ ಒಪ್ಪಬೇಡಿ, ಬರೆದು ಕೊಡಲಿ.